ಅಭಿಪ್ರಾಯ ಬದಲಾದದ್ದು ಪುರಾವೆಯಿಂದಲೋ, ಸುತ್ತಲಿನ ಒತ್ತಡದಿಂದಲೋ? ಪತ್ತೆ ಹಚ್ಚುವುದು ಹೇಗೆ?

ಎರಡನೇಓದು (ಪ್ರಶ್ನೆ)

ಏಳೆಂಟು ಜನರ ಸಮಿತಿ ಎಂದುಕೊಳ್ಳಿ. ಒಂದು ಯೋಜನೆಗೆ ಹಣ ಹಾಕಬೇಕೋ ಬೇಡವೋ ತೀರ್ಮಾನವಾಗಬೇಕು. ಒಬ್ಬ ಸದಸ್ಯ ‘ಇದು ಆಗಿಬರುವ ಕೆಲಸವಲ್ಲ’ ಎಂದುಕೊಂಡೇ ಒಳಗೆ ಬರುತ್ತಾನೆ. ಒಂದು ತಾಸು ಮಾತು ನಡೆದ ಮೇಲೆ ಅವನೂ ಗುಂಪಿನಲ್ಲಿ ಗೋವಿಂದ. ಆಮೇಲೆ ಕೇಳಿದರೆ ‘ಚರ್ಚೆ ಕೇಳಿ ಮನವರಿಕೆ ಆಯ್ತು’ ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಹಾಗೇ ನಂಬಿದ್ದಾನೆ. ತೊಡಕಿರುವುದೇ ಅಲ್ಲಿ.

ನಿಜವಾಗಿ ಹೊಸ ಪುರಾವೆ ಸಿಕ್ಕಿ ಮನಸ್ಸು ಬದಲಾಯಿತೋ, ಹತ್ತು ಜನರ ಎದುರು ಒಬ್ಬನೇ ನಿಲ್ಲಲಾರದೆ ಬದಲಾಯಿತೋ ಎಂದು ಆ ವ್ಯಕ್ತಿಗೇ ಗೊತ್ತಾಗುವ ದಾರಿ ಇದೆಯೇ? ಸಾಮಾನ್ಯ ಗುಂಪೊಂದು ಹೆಚ್ಚು ಖರ್ಚಿಲ್ಲದೆ ಬಳಸಬಹುದಾದ ಕ್ರಮ ಯಾವುದು? ಮತ್ತೊಂದು: ಬಹುಮತವನ್ನು ಒಪ್ಪುವುದೇ ವಿವೇಕ ಆಗಿರುವ ಸಂದರ್ಭಗಳೂ ಇರಬೇಕಲ್ಲ, ಅವನ್ನು ಬೇರ್ಪಡಿಸುವುದು ಹೇಗೆ?

‘ತೆರೆದ ಮನಸ್ಸಿರಲಿ’, ‘ಧೈರ್ಯವಾಗಿ ಮಾತಾಡಿ’ ಎಂಬ ಉಪದೇಶ ಬೇಡ. ಮಾಡಿ ನೋಡಬಹುದಾದದ್ದು ಬೇಕು.

ತೂಕದಕಲ್ಲು

ಮೊದಲ ಪ್ರಶ್ನೆಗೆ ನೇರ ಉತ್ತರ: ಒಳಗಿನಿಂದ ನೋಡಿಕೊಂಡು ಪತ್ತೆ ಹಚ್ಚಲು ಆಗುವುದಿಲ್ಲ. ‘ನಾನು ಯಾಕೆ ಒಪ್ಪಿದೆ’ ಎಂದು ಮನಸ್ಸನ್ನು ಕೇಳಿದರೆ ಅದು ಒಂದು ಒಳ್ಳೆಯ ಕಾರಣವನ್ನು ಹೊಸೆದುಕೊಡುತ್ತದೆ. ಆ ಕಾರಣ ಮೊದಲೇ ಇತ್ತೋ ಆಮೇಲೆ ಹುಟ್ಟಿತೋ ಎಂಬುದಕ್ಕೆ ಒಳಗೆ ಯಾವ ದಾಖಲೆಯೂ ಇರುವುದಿಲ್ಲ.

ಇದರ ಕೀಲು ಎಲ್ಲಿದೆ ಎಂದು 1959ರಲ್ಲಿ ಮನಶ್ಶಾಸ್ತ್ರಜ್ಞರಾದ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ಮಾಡಿದ ಪ್ರಯೋಗ ತೋರಿಸಿತು. ವಿದ್ಯಾರ್ಥಿಗಳಿಗೆ ಒಂದು ಗಂಟೆ ತಲೆ ಚಿಟ್ಟು ಹಿಡಿಸುವ ಕೆಲಸ ಕೊಟ್ಟರು: ಅರ್ಧ ಗಂಟೆ ತಟ್ಟೆಗೆ ಉರುಳೆಗಳನ್ನು ತುಂಬಿ ಖಾಲಿ ಮಾಡುವುದು, ಇನ್ನರ್ಧ ಗಂಟೆ 48 ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುವುದು. ಆಮೇಲೆ, ಹೊರಗೆ ಕಾದಿರುವವರಿಗೆ ‘ಕೆಲಸ ಬಹಳ ಮಜವಾಗಿದೆ’ ಎಂದು ಹೇಳಿ ಎಂದರು. ಕೆಲವರಿಗೆ ಅದಕ್ಕೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ ‘ನಿಜವಾಗಿ ಕೆಲಸ ಎಷ್ಟು ಹಿಡಿಸಿತು’ ಎಂದು -5ರಿಂದ +5ರ ಅಳತೆಯಲ್ಲಿ ಕೇಳಿದಾಗ, ಸುಳ್ಳು ಹೇಳದವರ ಸರಾಸರಿ -0.45, 20 ಡಾಲರ್ ಪಡೆದವರದು -0.05, 1 ಡಾಲರ್ ಪಡೆದವರದು +1.35. ಇಪ್ಪತ್ತು ಪಡೆದವನಿಗೆ ‘ದುಡ್ಡಿಗೆ ಸುಳ್ಳು ಹೇಳಿದೆ’ ಎಂಬ ಲೆಕ್ಕ ಇತ್ತು. ಒಂದು ಪಡೆದವನಿಗೆ ಆ ನೆಪ ಸಾಲಲಿಲ್ಲ, ಹಾಗಾಗಿ ನಂಬಿಕೆಯನ್ನೇ ತಿದ್ದಿಕೊಂಡ.

ನಿಮ್ಮ ಸಮಿತಿಗೆ ಇದನ್ನು ಹೊಂದಿಸಿ ನೋಡಿ. ಹೆದರಿಸಿ ಬಾಯಿ ಮುಚ್ಚಿಸಿದರೆ ಮನುಷ್ಯ ಒಳಗೆ ತನ್ನ ಅಭಿಪ್ರಾಯ ಉಳಿಸಿಕೊಳ್ಳುತ್ತಾನೆ. ಹುಬ್ಬು ಏರಿಸುವುದು, ಒಂದು ಕ್ಷಣದ ಮೌನ, ‘ನೀವೊಬ್ಬರೇ ಉಳಿದಿರಿ’ ಎಂಬ ನಗು ಇವೆಲ್ಲ ಒಂದು ಡಾಲರ್ ಇದ್ದ ಹಾಗೆ. ಆತ್ಮವಂಚನೆ ಹುಟ್ಟುವುದು ಹೆಚ್ಚಾಗಿ ಸಣ್ಣ ಒತ್ತಡದಲ್ಲಿ.

ಆದ್ದರಿಂದ ದಾಖಲೆ ಹೊರಗಿರಬೇಕು, ಅದೂ ಮಾತು ಶುರುವಾಗುವ ಮೊದಲು. ಕ್ರಮ ಹೀಗೆ:

ಪ್ರಶ್ನೆಯನ್ನು ಮೊದಲು ಸರಿಪಡಿಸಿ. ‘ಯೋಜನೆ ಚೆನ್ನಾಗಿದೆಯೇ’ ಎಂಬುದಕ್ಕೆ ಯಾರೂ ಯಾವತ್ತೂ ತಪ್ಪು ಉತ್ತರ ಕೊಡಲಾರರು. ‘12 ತಿಂಗಳೊಳಗೆ ಹಾಕಿದ ಹಣ ವಾಪಸ್ ಬರುತ್ತದೆಯೇ’ ಎಂದರೆ ಒಂದು ದಿನ ಹೌದು ಇಲ್ಲ ಎಂದು ಗೊತ್ತಾಗುತ್ತದೆ. ನಂತರ ಐದು ನಿಮಿಷ ಯಾರೂ ಮಾತಾಡದೆ ಪ್ರತಿಯೊಬ್ಬರೂ ಚೀಟಿಯಲ್ಲಿ ನಾಲ್ಕು ಸಾಲು ಬರೆಯಬೇಕು. ಆಗುವ ಸಂಭವ ಶೇಕಡಾ ಎಷ್ಟು ಎಂಬ ಸಂಖ್ಯೆ. ಅದಕ್ಕೆ ಅತಿ ಗಟ್ಟಿಯಾದ ಎರಡು ಕಾರಣ. ಏನು ಗೊತ್ತಾದರೆ ಈ ಸಂಖ್ಯೆಯನ್ನು 20 ಅಂಕದಷ್ಟು ಬದಲಿಸುತ್ತೇನೆ. ಉಳಿದವರಿಗೆ ಗೊತ್ತಿಲ್ಲದಿರಬಹುದಾದ ಒಂದು ಸಂಗತಿ. ಕೊನೆಯ ಸಾಲನ್ನು ಅನಗತ್ಯ ಎಂದು ಬಿಡಬೇಡಿ. ಎಲ್ಲರಿಗೂ ಗೊತ್ತಿರುವುದನ್ನೇ ಗುಂಪು ಮತ್ತೆ ಮತ್ತೆ ಮಾತಾಡುತ್ತದೆ, ಒಬ್ಬರ ಬಳಿ ಮಾತ್ರ ಇರುವ ಮಾಹಿತಿ ಹೆಚ್ಚಾಗಿ ಮೇಜಿಗೆ ಬರುವುದಿಲ್ಲ ಎಂದು ಸ್ಟಾಸರ್ ಮತ್ತು ಟೈಟಸ್ 1985ರಲ್ಲೇ ತೋರಿಸಿದ್ದಾರೆ.

ಚೀಟಿಗಳನ್ನು ಕಲಸಿ ಒಬ್ಬರು ಓದುತ್ತಾರೆ. ಆಮೇಲೆ ಚರ್ಚೆ. ಚರ್ಚೆ ಮುಗಿದ ಮೇಲೆ ಇನ್ನೊಂದು ಚೀಟಿ: ಹೊಸ ಸಂಖ್ಯೆ, ಮತ್ತು ಬದಲಾಗಿದ್ದರೆ ಬದಲಿಸಿದ ಸಂಗತಿ ಯಾವುದು. ನೀವು ಕೇಳಿದ ಪತ್ತೆ ಇಲ್ಲಿ ಆಗುತ್ತದೆ. 30 ಇದ್ದದ್ದು 75 ಆಗಿದೆ, ಆದರೆ ಕಾರಣದ ಸಾಲಿನಲ್ಲಿ ‘ಎಲ್ಲರ ಮಾತು ಕೇಳಿ’, ‘ಒಟ್ಟಾರೆ ಚಿತ್ರಣ ನೋಡಿ’ ಎಂದಿದೆ. ಹೊಸ ಸಂಗತಿ ಒಂದೂ ಇಲ್ಲ. ಅದನ್ನು ಒತ್ತಡ ಎಂದೇ ಲೆಕ್ಕ ಹಿಡಿಯಿರಿ. ಮೊದಲ ಚೀಟಿಯ ಮೂರನೇ ಸಾಲಿನಲ್ಲಿ ಬರೆದದ್ದೇ ಚರ್ಚೆಯಲ್ಲಿ ಸಿಕ್ಕಿದ್ದರೆ, ಅದು ಪುರಾವೆಯಿಂದ ಆದ ಬದಲಾವಣೆ.

ಎಲ್ಲಿ ಕೆಡುತ್ತದೆ? ಹಿರಿಯರು ಚೀಟಿ ಹಂಚುವಾಗಲೇ ‘ನನಗಂತೂ ಇದು ಸರಿ ಅನ್ನಿಸ್ತದೆ, ನೀವು ನಿಮ್ಮಿಷ್ಟ ಬರೀರಿ’ ಎಂದುಬಿಟ್ಟರೆ ಮುಗಿಯಿತು. ಎರಡನೆಯದು, ‘ಈ 20% ಬರೆದವರು ಯಾರು’ ಎಂದು ಒಮ್ಮೆ ಕೇಳಿದರೂ ಸಾಕು, ಮುಂದಿನ ಸಭೆಯಿಂದ ಎಲ್ಲರೂ 60 ಬರೆಯುತ್ತಾರೆ. ಮೂರನೆಯದು 50ರ ಹಿಂದೆ ಅವಿತುಕೊಳ್ಳುವುದು. 45ರಿಂದ 55ರ ನಡುವಿನ ಸಂಖ್ಯೆಗೆ ಅವಕಾಶವಿಲ್ಲ ಎಂದು ಮೊದಲೇ ಹೇಳಿಬಿಡಿ.

ಗಣಿತಮೇಷ್ಟ್ರು

ಬಹುಮತವನ್ನು ಒಪ್ಪುವುದು ಯಾವಾಗ ವಿವೇಕ ಎಂಬ ಮೂರನೇ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ, ಮನಶ್ಶಾಸ್ತ್ರಕ್ಕೆ ಹೋಗುವುದೇ ಬೇಡ.

ಒಬ್ಬೊಬ್ಬರೂ ಸರಿಯಾಗುವ ಸಂಭವ 60% ಎಂದಿಟ್ಟುಕೊಳ್ಳಿ. ಬೇರೆಯವರನ್ನು ನೋಡದೆ ಮತ ಹಾಕಿದರೆ ಬಹುಮತ ಸರಿಯಾಗುವ ಸಂಭವ 3 ಜನರಲ್ಲಿ 64.8%, 5 ಜನರಲ್ಲಿ 68.3%, 9 ಜನರಲ್ಲಿ 73.3%. ಜನ ಹೆಚ್ಚಿದಷ್ಟೂ ಏರುತ್ತದೆ. ಇದು 1785ರಲ್ಲಿ ಕಾಂಡೋರ್ಸೆ ಹೇಳಿದ್ದು. ಆದರೆ ಮೊದಲನೆಯವರು ಹೇಳಿದ್ದನ್ನೇ ಉಳಿದ ಎಂಟು ಜನ ಹೇಳಿದರೆ? ಒಂಬತ್ತು ಮತ ಇದ್ದರೂ ಸಂಭವ 60ರಲ್ಲೇ ನಿಲ್ಲುತ್ತದೆ. ಕೈಗಳು ಒಂಬತ್ತು, ಮಾಹಿತಿ ಒಂದು.

ಇನ್ನೂ ಕಿರಿಕಿರಿಯ ಸಂಗತಿ ಏನೆಂದರೆ, ಯಾರಿಗೂ ಹೆದರದ, ತೀರಾ ತರ್ಕಬದ್ಧರಾದ ಜನ ಕೂಡ ಸಾಲಾಗಿ ಮಾತಾಡಿದರೆ ಗುಂಪಾಗಿ ಹಳ್ಳಕ್ಕೆ ಬೀಳುತ್ತಾರೆ. ಎರಡು ಮಡಕೆ ಇವೆ. ಒಂದರಲ್ಲಿ ಮೂರರಲ್ಲಿ ಎರಡು ಪಾಲು ಕೆಂಪು ಚೆಂಡು, ಇನ್ನೊಂದರಲ್ಲಿ ಅಷ್ಟೇ ಪಾಲು ಕಪ್ಪು. ಒಂದನ್ನು ಗುಟ್ಟಾಗಿ ಆರಿಸಿ ಇಡುತ್ತಾರೆ. ಒಬ್ಬೊಬ್ಬರೂ ಒಂದು ಚೆಂಡು ತೆಗೆದು ತಾವು ಮಾತ್ರ ನೋಡಿ, ವಾಪಸ್ ಹಾಕಿ, ಯಾವ ಮಡಕೆ ಎಂಬ ಊಹೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಮೊದಲ ಇಬ್ಬರೂ ‘ಕೆಂಪು’ ಅಂದರೆ ಮೂರನೆಯವರ ಕೈಗೆ ಕಪ್ಪು ಬಂದಿದ್ದರೂ ಎರಡಕ್ಕೆ ಒಂದು ಲೆಕ್ಕದಲ್ಲಿ ‘ಕೆಂಪು’ ಎನ್ನುವುದೇ ಸರಿ. ನಾಲ್ಕನೆಯವರಿಗೆ ಮೂರನೆಯವರ ಮಾತಿನಿಂದ ಹೊಸದೇನೂ ತಿಳಿಯದು, ಅವರೂ ಹಾಗೇ ಹೇಳುತ್ತಾರೆ. ಅಲ್ಲಿಂದ ಮುಂದೆ ಸಾವಿರ ಜನ ಬಂದರೂ ಅದೇ ಉತ್ತರ.

ಮೊದಲ ಇಬ್ಬರೂ ತಪ್ಪಾಗುವ ಸಂಭವ 1/9, ಇಬ್ಬರೂ ಸರಿಯಾಗುವುದು 4/9. ಬೇರೆ ಬೇರೆ ಹೇಳಿದರೆ ಆಟ ಮತ್ತೆ ಮೊದಲಿನಿಂದ. ಹಾಗಾಗಿ ಸಾಲು ತಪ್ಪು ದಾರಿ ಹಿಡಿದು ಅಲ್ಲೇ ಉಳಿಯುವ ಸಂಭವ ಐದರಲ್ಲಿ ಒಂದು, ಅಂದರೆ 20%. ಅದೇ ಜನ ಗುಟ್ಟಾಗಿ ಬರೆದು ಎಣಿಸಿದ್ದರೆ 9 ಜನರಲ್ಲಿ ತಪ್ಪು ಸುಮಾರು 14.5%, 25 ಜನರಲ್ಲಿ 5%ಕ್ಕಿಂತ ಕಡಿಮೆ. ಬರೆದರೆ ಜನ ಹೆಚ್ಚಿದಂತೆ ತಪ್ಪು ಇಳಿಯುತ್ತದೆ, ಸಾಲಾಗಿ ಹೇಳಿದರೆ 20ರ ಸುತ್ತಲೇ ನಿಂತುಬಿಡುತ್ತದೆ. 1992ರಲ್ಲಿ ಇದನ್ನು ಬ್ಯಾನರ್ಜಿ ಒಂದು ಕಡೆ, ಬಿಕ್‌ಚಂದಾನಿ, ಹಿರ್ಶ್‌ಲೈಫರ್ ಮತ್ತು ವೆಲ್ಚ್ ಇನ್ನೊಂದು ಕಡೆ ಬೇರೆ ಬೇರೆಯಾಗಿ ರೂಪಿಸಿದರು.

ಆದ್ದರಿಂದ ‘ಎಷ್ಟು ಜನ ಒಪ್ಪಿದ್ದಾರೆ’ ಎಂದು ಕೇಳುವುದರಲ್ಲಿ ಹುರುಳಿಲ್ಲ. ‘ಇವರಲ್ಲಿ ಎಷ್ಟು ಜನ ಬೇರೆಯವರ ಉತ್ತರ ತಿಳಿಯುವ ಮೊದಲು ತಾವೇ ನೋಡಿದ್ದರು’ ಎಂದು ಕೇಳಿ. ಉತ್ತರ ‘ಆರು’ ಎಂದಾದರೆ ನಿಮ್ಮ ಅಭಿಪ್ರಾಯ ಬಿಟ್ಟು ಅವರದನ್ನು ಒಪ್ಪುವುದು ವಿವೇಕವೇ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಉತ್ತರ ‘ಒಬ್ಬ’ ಎಂದಾದರೆ ನಿಮ್ಮ ಎದುರು ಇರುವುದು ಒಂದೇ ಮತ.

ಅನುಮಾನಪಿಶಾಚಿ

ಈ ವಿಷಯ ಬಂದಾಗೆಲ್ಲ ಯಾರಾದರೂ ಮನಶ್ಶಾಸ್ತ್ರಜ್ಞ ಆ್ಯಶ್ ಅವರ ಪ್ರಯೋಗ ಎತ್ತಿ ‘ಜನ ಕುರಿಗಳು’ ಎಂದು ತೀರ್ಪು ಕೊಡುತ್ತಾರೆ. ಅದಕ್ಕೆ ಮೊದಲೇ ಹೇಳಿಬಿಡ್ತೇನೆ. 1951ರಿಂದ ಪ್ರಕಟವಾದ ಆ ಪ್ರಯೋಗಗಳಲ್ಲಿ ಗೆರೆಗಳ ಉದ್ದ ಹೋಲಿಸಬೇಕಿತ್ತು. 18 ಸುತ್ತುಗಳಲ್ಲಿ 12ರಲ್ಲಿ ಮೊದಲೇ ಹೇಳಿಕೊಟ್ಟಿದ್ದ ಜನ ಒಟ್ಟಾಗಿ ತಪ್ಪು ಉತ್ತರ ಕೊಡುತ್ತಿದ್ದರು. ಆ ಸುತ್ತುಗಳಲ್ಲಿ ಈ ಏರ್ಪಾಡು ತಿಳಿಯದೆ ಭಾಗವಹಿಸಿದವರ ಉತ್ತರಗಳಲ್ಲಿ ಸುಮಾರು 37% ಗುಂಪಿನ ಕಡೆ ವಾಲಿದವು. ಅಂದರೆ ಮೂರರಲ್ಲಿ ಎರಡಕ್ಕೆ ಹತ್ತಿರ ಉತ್ತರಗಳು ಸರಿಯೇ ಇದ್ದವು, ನಾಲ್ಕರಲ್ಲಿ ಒಬ್ಬರು ಒಂದು ಸಲವೂ ಬಗ್ಗಲಿಲ್ಲ. ಕುರಿಮಂದೆಯ ಲೆಕ್ಕ ಅಲ್ಲ ಇದು.

ಪ್ರಯೋಜನಕ್ಕೆ ಬರುವ ಭಾಗ ಬೇರೆ ಇದೆ. ಎದುರು ಒಬ್ಬನೇ ಇದ್ದರೆ ಪರಿಣಾಮ ಅಷ್ಟಕ್ಕಷ್ಟೇ. ಇಬ್ಬರಾದರೆ 13.6%. ಮೂವರಾದರೆ 31.8%. ಅಲ್ಲಿಂದ ಮುಂದೆ ಎಷ್ಟು ಜನ ಸೇರಿಸಿದರೂ ಹೆಚ್ಚು ಏರಲಿಲ್ಲ. ಹಾಗಾಗಿ ‘ನಮ್ಮದು ಸಣ್ಣ ಗುಂಪು, ಇಲ್ಲಿ ಒತ್ತಡ ಇಲ್ಲ’ ಅನ್ನೋರು ಸ್ವಲ್ಪ ಯೋಚಿಸಬೇಕು, ನಾಲ್ಕು ಜನ ಸಾಕು. ಇನ್ನೊಂದು, ಸರಿ ಉತ್ತರ ಹೇಳುವ ಒಬ್ಬ ಜೊತೆಗಾರ ಸಿಕ್ಕರೆ ಬಾಗುವಿಕೆ ಕಾಲು ಭಾಗಕ್ಕೆ ಇಳಿಯಿತು. ಜೊತೆಗಾರ ಗುಂಪಿಗಿಂತ ಬೇರೆಯದೇ ಆದ ಇನ್ನೊಂದು ತಪ್ಪು ಉತ್ತರ ಹೇಳಿದಾಗಲೂ ಇಳಿಯಿತು! ಮುಖ್ಯವಾದದ್ದು ಒಮ್ಮತ ಮುರಿಯುವುದು, ಮುರಿದವನು ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು.

ಇದನ್ನು ಓದಿ ಕೆಲವರು ‘ಸರಿ, ಒಬ್ಬನಿಗೆ ವಿರೋಧಿಸುವ ಪಾತ್ರ ಕೊಡೋಣ’ ಅಂತಾರೆ. ಅದು ನಾಟಕ ಎಂದು ಎಲ್ಲರಿಗೂ ಗೊತ್ತು. ನೆಮೆತ್ ಮತ್ತು ಜೊತೆಗಾರರು 2001ರಲ್ಲಿ ಹೋಲಿಸಿ ನೋಡಿದಾಗ, ನಿಜವಾಗಿ ಒಪ್ಪದವನು ಮಾತಾಡಿದರೆ ಬರುವ ಫಲ ಪಾತ್ರಧಾರಿಯಿಂದ ಬರಲಿಲ್ಲ. ಅದಕ್ಕಿಂತ ಗ್ಯಾರಿ ಕ್ಲೈನ್ ಹೇಳುವ ಕ್ರಮ ಒಳ್ಳೆಯದು. ‘ಒಂದು ವರ್ಷ ಕಳೆದಿದೆ, ಯೋಜನೆ ನೆಲಕಚ್ಚಿದೆ. ಯಾಕೆ?’ ಎಂದು ಕೇಳಿ ಪ್ರತಿಯೊಬ್ಬರೂ ಕಾರಣ ಬರೆಯಲಿ. ಒಬ್ಬೊಬ್ಬರೂ ಒಂದೊಂದೇ ಕಾರಣ ಓದುತ್ತಾ ಸುತ್ತು ಹೋಗಲಿ, ಪಟ್ಟಿ ಖಾಲಿ ಆಗುವವರೆಗೆ. ‘ಸೋಲಬಹುದೇ’ ಎಂದು ಕೇಳಿದರೆ ನಿಷ್ಠೆಯ ಪ್ರಶ್ನೆ ಆಗುತ್ತದೆ. ‘ಸೋತಿದೆ, ಯಾಕೆ’ ಅಂದರೆ ಜಾಣತನದ ಪ್ರಶ್ನೆ. ಅದೇ ಜನ, ಬೇರೆ ಉತ್ತರ.

ಕೊನೆಗೆ ನಮ್ಮಂಥವರ ಬಗ್ಗೆ. ವೈಚಾರಿಕರು ಎಂದು ಕರೆದುಕೊಳ್ಳುವ ಗುಂಪುಗಳಲ್ಲೂ ಒತ್ತಡ ಅಷ್ಟೇ ಇದೆ, ಒಪ್ಪಬೇಕಾದ ಮಾತುಗಳ ಪಟ್ಟಿ ಬೇರೆ, ಅಷ್ಟೇ. ಪೂರ್ವಗ್ರಹಗಳ ಹೆಸರು ಬಾಯಿಪಾಠ ಮಾಡಿದರೆ ಅವು ಎದುರಿನವನಲ್ಲಿ ಚೆನ್ನಾಗಿ ಕಾಣುತ್ತವೆ, ತನ್ನಲ್ಲಿ ಕಾಣುವುದಿಲ್ಲ. ವೆಸ್ಟ್, ಮೆಸರ್ವ್, ಸ್ಟಾನೊವಿಚ್ ಅವರ 2012ರ ಅಧ್ಯಯನದಲ್ಲಿ ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಮುಂದಿದ್ದವರಿಗೆ ಈ ಕುರುಡು ಕಡಿಮೆ ಏನೂ ಇರಲಿಲ್ಲ. ಒಂದು ಒರಟು ಪರೀಕ್ಷೆ: ನಿಮ್ಮ ಬಳಗ ಒಪ್ಪುವ, ನೀವು ಒಪ್ಪದ ಮೂರು ಸಂಗತಿ ಬರೆಯಿರಿ. ಚಿಲ್ಲರೆ ವಿಷಯ ನಡೆಯುವುದಿಲ್ಲ, ಹೇಳಿದರೆ ಯಾರಾದರೂ ಮುಖ ತಿರುಗಿಸುವಂತಿರಬೇಕು. ಒಂದೂ ಸಿಗದಿದ್ದರೆ, ಅಷ್ಟೂ ವಿಷಯಗಳನ್ನು ನೀವೇ ಯೋಚಿಸಿ ಅಲ್ಲಿಗೇ ಬಂದು ಮುಟ್ಟಿದಿರಿ ಎನ್ನುವುದನ್ನು ನಾನು ನಂಬಲಾರೆ.

ಎರಡನೇಓದು (ಪ್ರಶ್ನೆ)

ಚೀಟಿಯ ಕ್ರಮ ಗೊತ್ತಾಯಿತು, ಧನ್ಯವಾದ. ಇನ್ನೆರಡು ಅನುಮಾನ. ಗುಂಪೇ ಇಲ್ಲದೆ ಒಬ್ಬನೇ ಕೂತು ತನ್ನನ್ನು ತಾನು ನಂಬಿಸಿಕೊಳ್ಳುವವನಿಗೆ ಏನು ಮಾಡುವುದು? ಮತ್ತು ನಾಲ್ಕೇ ಜನ ಇದ್ದು ಕೈಬರಹ ಎಲ್ಲರಿಗೂ ಗೊತ್ತಿದ್ದರೆ ಚೀಟಿಗೆ ಅರ್ಥ ಇದೆಯೇ?

ಕಪ್ಪುಬಿಳುಪು

ಮೊದಲನೆಯದಕ್ಕೆ ಹೇಳುತ್ತೇನೆ. ಒಂಟಿಯಾಗಿ ಆಗುವ ಮೋಸದಲ್ಲಿ ಎರಡು ಬಗೆ, ಮದ್ದೂ ಬೇರೆ ಬೇರೆ.

ಒಂದು, ಹೌದು ಎನ್ನಿಸುವ ಪರೀಕ್ಷೆಯನ್ನೇ ಆರಿಸುವುದು. 1960ರಲ್ಲಿ ವೇಸನ್ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇವು ಪಾಲಿಸುವ ನಿಯಮ ಯಾವುದೆಂದು ಬೇರೆ ಮೂರು ಮೂರು ಸಂಖ್ಯೆ ಕೊಟ್ಟು ಕಂಡುಹಿಡಿಯಿರಿ ಎಂದರು. ಜನ 8, 10, 12 ಎಂದರು, 20, 22, 24 ಎಂದರು, ಪ್ರತಿ ಸಲ ‘ಸರಿಹೊಂದುತ್ತದೆ’ ಎಂಬ ಉತ್ತರ ಬಂತು, ‘ಎರಡೆರಡು ಹೆಚ್ಚಾಗುವ ಸಂಖ್ಯೆಗಳು’ ಎಂದು ಘೋಷಿಸಿದರು. ನಿಯಮ ಇದ್ದದ್ದು ‘ಏರುವ ಯಾವುದೇ ಮೂರು ಸಂಖ್ಯೆ’. 29 ಜನರಲ್ಲಿ ಒಂದೂ ತಪ್ಪು ಘೋಷಣೆ ಇಲ್ಲದೆ ಉತ್ತರ ಮುಟ್ಟಿದವರು 6. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಹಟಮಾರಿಯೇ ಆಗಿರಬೇಕೆಂದಿಲ್ಲ, ನಾಲ್ಕನೇ ಕಾಲು ಕಾಣುವ ಕಡೆಯಿಂದ ನೋಡಿರುವುದಿಲ್ಲ ಅಷ್ಟೆ. ಮದ್ದು: ಯಾವ ಪರೀಕ್ಷೆ ಮಾಡುವ ಮೊದಲೂ ‘ನನ್ನ ಊಹೆ ತಪ್ಪಿದ್ದರೆ ಇಲ್ಲಿ ಬೇರೆ ಫಲ ಬರುತ್ತದೆಯೇ’ ಎಂದು ಕೇಳಿಕೊಳ್ಳಿ. ಬರುವುದಿಲ್ಲ ಎಂದಾದರೆ ಆ ಪರೀಕ್ಷೆಗೆ ಸಮಯ ಹಾಕಬೇಡಿ. ಮೇಲಿನ ಆಟದಲ್ಲಿ 1, 7, 50 ಅಥವಾ 6, 4, 2 ಕೇಳಿದ್ದರೆ ನಾಲ್ಕು ಹೆಜ್ಜೆ ಉಳಿಯುತ್ತಿತ್ತು.

ಎರಡು, ಉತ್ತರ ಏನಿರಬೇಕು ಎಂದು ಗೊತ್ತಿದ್ದುಕೊಂಡೇ ಅಳೆಯುವುದು. 1903ರಲ್ಲಿ ಫ್ರಾನ್ಸಿನ ಬ್ಲಾಂಡ್ಲೊ ‘ಎನ್ ಕಿರಣ’ ಎಂಬ ಹೊಸ ಬಗೆಯ ವಿಕಿರಣ ಕಂಡೆ ಎಂದರು. ಪುರಾವೆ ಎಂದರೆ ಕತ್ತಲ ಕೋಣೆಯಲ್ಲಿ ಮಂದ ಬೆಳಕೊಂದು ತುಸು ಹೆಚ್ಚಾದಂತೆ ಕಣ್ಣಿಗೆ ಕಾಣುವುದು. ಬೇರೆ ವಿಜ್ಞಾನಿಗಳೂ ‘ನಮಗೂ ಕಂಡಿತು’ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದು ಪ್ರಯೋಗಾಲಯಕ್ಕೂ ಸಲ್ಲುತ್ತದೆ. 1904ರಲ್ಲಿ ರಾಬರ್ಟ್ ವುಡ್ ಅಲ್ಲಿಗೆ ಹೋಗಿ, ಕತ್ತಲಲ್ಲಿ ಕಿರಣವನ್ನು ಬಾಗಿಸಬೇಕಿದ್ದ ಉಪಕರಣದ ಅಲ್ಯೂಮಿನಿಯಂ ಪ್ರಿಸಂ ಅನ್ನೇ ಮೆಲ್ಲಗೆ ತೆಗೆದಿಟ್ಟರು. ಅಳತೆಗಳು ಮೊದಲಿನಂತೆಯೇ ಬರುತ್ತಲೇ ಇದ್ದವು. ಆ ಜನ ಮೋಸಗಾರರಾಗಿರಲಿಲ್ಲ, ಅಳೆಯುವವನಿಗೆ ಉತ್ತರ ಮುಚ್ಚಿಡಬೇಕು ಎಂಬ ಏರ್ಪಾಡು ಇರಲಿಲ್ಲ. ಮದ್ದೂ ಅದೇ: ಹೋಲಿಸಬೇಕಾದ ವಸ್ತುಗಳಿಗೆ ಇನ್ನೊಬ್ಬರಿಂದ ಸಂಕೇತ ಹಾಕಿಸಿ, ಸಂಕೇತದ ಪಟ್ಟಿ ಅವರ ಬಳಿಯೇ ಇರಲಿ, ತೀರ್ಪು ಬರೆದ ಮೇಲೆ ತೆರೆಯಿರಿ. ಅರ್ಜಿ, ಲೇಖನ, ಲೆಕ್ಕಪತ್ರ ಎಲ್ಲಕ್ಕೂ ಇದು ನಡೆಯುತ್ತದೆ.

ಇವೆರಡರ ಮೇಲೆ ಒಂದು ಪುಸ್ತಕ ಇಡಿ. ಒಂದು ಊಹೆಗೆ ಒಂದು ಸಾಲು: ಏನಾಗುತ್ತದೆ, ಯಾವ ದಿನಾಂಕದೊಳಗೆ, ಸಂಭವ ಎಷ್ಟು, ಕೊನೆಗೆ ಏನಾಯಿತು. ಅಂಕ ಹಾಕಲು 1950ರಲ್ಲಿ ಬ್ರೈಯರ್ ಹವಾಮಾನ ಮುನ್ಸೂಚನೆಗೆಂದು ಕೊಟ್ಟ ಸೂತ್ರದ ಸರಳ ರೂಪ ಸಾಕು: ಹೇಳಿದ ಸಂಭವಕ್ಕೂ ಆದದ್ದಕ್ಕೂ (ಆದರೆ 1, ಆಗದಿದ್ದರೆ 0) ಇರುವ ವ್ಯತ್ಯಾಸದ ವರ್ಗ. 90% ಎಂದು ಹೇಳಿ ಆದರೆ 0.01, ಆಗದಿದ್ದರೆ 0.81. 80%ಕ್ಕೆ 0.04 ಮತ್ತು 0.64. ಕಡಿಮೆ ಬಂದಷ್ಟೂ ಒಳ್ಳೆಯದು. ಯಾವಾಗಲೂ 50% ಎನ್ನುವವನ ಸರಾಸರಿ 0.25. ನಿಮ್ಮದು ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಖಚಿತತೆ ನಿಮಗೆ ನಷ್ಟವನ್ನೇ ಮಾಡುತ್ತಿದೆ ಎಂದರ್ಥ.

ಇಲ್ಲಿ ಆತುರ ಬೇಡ. 80% ಎಂದ ಹತ್ತು ಊಹೆಗಳಲ್ಲಿ ಆರೇ ನಿಜವಾದರೆ ಗಾಬರಿ ಅನಗತ್ಯ, ನಿಜಕ್ಕೂ 80 ಇದ್ದವನಿಗೂ ಆರು ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ 12% ಇದೆ. ಐವತ್ತರಲ್ಲಿ ಮೂವತ್ತೇ ನಿಜವಾದರೆ ಆಗ ಅದೃಷ್ಟದ ಮೇಲೆ ಹಾಕಲಾಗದು. ಕೆಡುವ ಜಾಗವೂ ಒಂದಿದೆ: ಗೆದ್ದ ಊಹೆಗಳನ್ನು ಮಾತ್ರ ಬರೆಯುವುದು, ಸೋತದ್ದಕ್ಕೆ ‘ಒಂದು ರೀತಿಯಲ್ಲಿ ನಿಜವಾಯಿತು’ ಎಂದು ಷರಾ ಹಾಕುವುದು. ಪುಟಕ್ಕೆ ಸಂಖ್ಯೆ ಹಾಕಿ, ಪೆನ್ನಿನಲ್ಲೇ ಬರೆಯಿರಿ, ತೀರ್ಪು ಇನ್ನೊಬ್ಬರು ಹಾಕಲಿ.

ಅನುಮಾನಪಿಶಾಚಿ

ಗುಟ್ಟು ಚೀಟಿ ಎಲ್ಲದಕ್ಕೂ ಮದ್ದಲ್ಲ ಅಂತ ಸೇರಿಸಿಬಿಡ್ತೇನೆ. ಹೆಸರಿಲ್ಲದ ವಿರೋಧಕ್ಕೆ ಬೆನ್ನೆಲುಬಿಲ್ಲ, ‘ಯಾರೋ ಬರೆದಿದ್ದಾರೆ’ ಎಂದು ಪಕ್ಕಕ್ಕೆ ಸರಿಸಬಹುದು. ಮೊಸ್ಕೊವಿಚಿ 1969ರಲ್ಲಿ ಆರು ಜನರ ಗುಂಪಿನಲ್ಲಿ ಇಬ್ಬರಿಂದ ನೀಲಿ ಬಣ್ಣದ ಸ್ಲೈಡುಗಳನ್ನು ‘ಹಸಿರು’ ಎನ್ನಿಸಿದರು. ಇಬ್ಬರೂ ಪ್ರತಿ ಸಲ ಹಸಿರು ಎಂದಾಗ ಉಳಿದವರ ಉತ್ತರಗಳಲ್ಲಿ 8.42% ಹಸಿರಾದವು. ಮೂರರಲ್ಲಿ ಎರಡು ಸಲ ಮಾತ್ರ ಅಂದಾಗ 1.25%. ಅಲ್ಪಮತದ ಬಲ ಇರುವುದು ಪಟ್ಟು ಬದಲಿಸದೆ ಹೇಳುವುದರಲ್ಲಿ. ಹಾಗಾಗಿ ಮೊದಲ ಸುತ್ತು ಗುಟ್ಟಾಗಿ, ಎರಡನೇ ಸುತ್ತು ಹೆಸರು ಹಾಕಿ. ಒಪ್ಪದವರು ಭಾಷಣ ಮಾಡುವುದು ಬೇಡ, ಪ್ರತಿ ಸಭೆಯಲ್ಲೂ ಅದೇ ಒಂದು ಪ್ರಶ್ನೆ ಇಟ್ಟರೆ ಸಾಕು: ‘ಯಾವ ಅಂಕಿ ಕಂಡರೆ ಇದನ್ನು ನಿಲ್ಲಿಸುತ್ತೇವೆ?’ ನಡವಳಿಯಲ್ಲಿ ಅದು ದಾಖಲಾಗಲಿ.

ತೂಕದಕಲ್ಲು

ಎರಡನೇ ಸುತ್ತಿಗೆ ಹೆಸರು, ಒಪ್ಪುತ್ತೇನೆ. ಮೊದಲನೆಯದಕ್ಕೆ ಮಾತ್ರ ಬೇಡ.

ನಾಲ್ಕು ಜನರ ಪ್ರಶ್ನೆಗೆ: ಅಲ್ಲಿ ಗುಟ್ಟು ಉಳಿಯುವುದಿಲ್ಲ, ಉಳಿಯುತ್ತದೆ ಎಂದು ನಟಿಸುವುದೂ ಬೇಡ. ಗುಟ್ಟಿನ ಬದಲು ಏಕಕಾಲವನ್ನು ಹಿಡಿಯಿರಿ. ಎಲ್ಲರೂ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಮಗುಚಿ ಇಡಿ, ಒಟ್ಟಿಗೇ ತಿರುಗಿಸಿ. ಯಾರ ಸಂಖ್ಯೆ ಯಾವುದೆಂದು ತಿಳಿಯುತ್ತದೆ ನಿಜ, ಆದರೆ ಯಾರೂ ಯಾರದನ್ನೂ ನೋಡಿ ಬರೆದಿರುವುದಿಲ್ಲ. ತಿರುಗಿಸಿದ ಮೇಲೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬರೆದವರು ಮೊದಲು ಮಾತಾಡಲಿ, ಒಬ್ಬೊಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕಬಾರದು. ಹಿರಿಯರು ಕೊನೆಗೆ. ದೂರದಿಂದ ಸೇರುವವರಿದ್ದರೆ, ಮತ ಇಲ್ಲದ ಒಬ್ಬರಿಗೆ ಸಂಖ್ಯೆಗಳನ್ನು ಮೊದಲೇ ಸಂದೇಶದಲ್ಲಿ ಕಳಿಸಿ, ನಾಲ್ಕೂ ಬಂದ ಮೇಲೆ ಒಟ್ಟಿಗೆ ತೋರಿಸಲಿ. ತಡವಾಗಿ ಬಂದವರ ಸಂಖ್ಯೆಯನ್ನು ಆ ಸುತ್ತಿಗೆ ಸೇರಿಸಬೇಡಿ, ಅವರು ಉಳಿದ ಮೂವರೊಂದಿಗೆ ಮಾತಾಡಿರುವ ಸಾಧ್ಯತೆಯೇ ಹೆಚ್ಚು.